ಮೈಗೆ ಹತ್ತದ ಮಾತ್ರೆ

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಮಾತ್ರೆ ದಿನಾ ಕೊಡ್ತಿದ್ದೀರಾ ತಾನೇ?"

ಡಾಕ್ಟರ್ ಬಿಂದುಮಾಧವ ಈ ಪ್ರಶ್ನೆ ಕೇಳಿದ್ದು ರೋಗಿಯನ್ನಲ್ಲ, ರೋಗಿಯ ಹೆಂಡತಿಯನ್ನು. ರೋಗಿ ಸಿದ್ದಮಲ್ಲಪ್ಪನವರು ಪಕ್ಕದ ಕುರ್ಚಿಯಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು, ಹಣೆಯ ವಿಭೂತಿ ಒಂದಿಷ್ಟೂ ಅಳಿಸದಂತೆ ಕೂತಿದ್ದರು. ಎರಡನೇ ಸಲ ಹೃದಯಾಘಾತವಾಗಿ, ಆಸ್ಪತ್ರೆಯಲ್ಲಿದ್ದು ಮನೆಗೆ ಬಂದು ತಿಂಗಳ ಮೇಲಾಗಿತ್ತು. ಮಾತ್ರೆ ನುಂಗುವ ಬಾಯಿ ಅವರದಾದರೂ ಅದರ ಲೆಕ್ಕ ಒಪ್ಪಿಸಬೇಕಾದ ಬಾಯಿ ಮಾತ್ರ ಶಾಂತಾದೇವಿಯದು ಎಂದು ಊರಿಗೆ ಊರೇ ತೀರ್ಮಾನ ಮಾಡಿದಂತಿತ್ತು.

"ಕೊಡ್ತೀನಿ ಡಾಕ್ಟ್ರೇ, ನನ್ನ ಕೈಯಾರೆ ಕೊಡ್ತೀನಿ. ಪೂಜೆ ಮುಗಿಸಿ, ಒಂದು ಇಡ್ಲಿ ತಿಂದ ಮೇಲೆ ಕೊಟ್ಟು, ಗಂಟಲಲ್ಲಿ ಇಳಿಯೋ ತನಕ ಅಲ್ಲೇ ನಿಂತಿರ್ತೀನಿ."

"ರಿಪೋರ್ಟು ಬೇರೇನೇ ಹೇಳ್ತಿದೆಯಲ್ಲಮ್ಮ." ಡಾಕ್ಟರು ಕಾಗದವನ್ನು ಅವಳ ಕಡೆ ತಿರುಗಿಸಿದರು. "ಆಸ್ಪಿರಿನ್ ತಗೊಳ್ಳೋರ ರಕ್ತ ಅಷ್ಟು ಸುಲಭವಾಗಿ ಹೆಪ್ಪುಗಟ್ಟೋದಿಲ್ಲ. ಅದಕ್ಕೇ ಆ ಮಾತ್ರೆ ಕೊಡೋದು. ಇವರ ರಕ್ತ ನೋಡಿದ್ರೆ ಆ ಮಾತ್ರೆಯ ಮುಖಾನೇ ಕಂಡಿಲ್ಲ ಅನ್ನೋ ಹಂಗಿದೆ."

ಕಾಗದದಲ್ಲಿದ್ದ ಅಂಕಿಗಳು ಶಾಂತಾದೇವಿಗೆ ಅರ್ಥವಾಗಲಿಲ್ಲ, ಅರ್ಥವಾಗುವ ಅಗತ್ಯವೂ ಇರಲಿಲ್ಲ. ಈ ಪರೀಕ್ಷೆ ಮಾಡಿಸಿ ಎಂದು ದುಂಬಾಲು ಬಿದ್ದವಳೇ ಅವಳು. ಆಸ್ಪತ್ರೆಯಲ್ಲಿ ನೋಡಲು ಬಂದವರೆಲ್ಲ ಮಾತ್ರೆ ತಪ್ಪಿತ್ತಾ, ತಪ್ಪಿತ್ತಾ ಎಂದು ಕೇಳಿ ಕೇಳಿ ತಲೆ ತಿಂದಾಗ, ರಕ್ತದಲ್ಲಿ ಇದೆಲ್ಲ ಗೊತ್ತಾಗೋದಿಲ್ವಾ ಡಾಕ್ಟ್ರೇ ಎಂದು ತಾನೇ ಕೇಳಿದ್ದಳು. ಈಗ ಅದೇ ರಕ್ತ ಅವಳ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

"ಹಾಗಂದ್ರೆ ಏನು ಸಾರ್?" ಎಂದಳು ಮಗಳು ಹೇಮಶ್ರೀ. ಸಿದ್ಧಾರ್ಥನಗರದಿಂದ ಸ್ಕೂಟರಿನಲ್ಲಿ ನೇರ ಆಸ್ಪತ್ರೆಗೇ ಬಂದಿದ್ದಳು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳಾದ್ದರಿಂದ ಡಾಕ್ಟರ ಜೊತೆ ಸರಿಸಮನಾಗಿ ಮಾತಾಡುವ ಹಕ್ಕು ತನಗಿದೆ ಎಂದುಕೊಂಡಿದ್ದಳು.

"ಎರಡೇ ದಾರಿ. ಒಂದು, ಮಾತ್ರೆ ಹೊಟ್ಟೆಗೆ ಹೋಗಿಲ್ಲ. ಇಲ್ಲಾ, ಹೋದ್ರೂ ಹತ್ತಿಲ್ಲ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಎರಡೂ ಇರೋ ಕೆಲವರಿಗೆ ಆಸ್ಪಿರಿನ್ ಸರಿಯಾಗಿ ಹತ್ತೋದಿಲ್ಲ, ಅದೂ ಉಂಟು. ಆದ್ರೆ ನಾನು ನೋಡಿರೋ ಹಾಗೆ ಜಾಸ್ತಿ ಜನ ಮರೆತಿರ್ತಾರೆ, ಮರೆತಿಲ್ಲ ಅಂತಾರೆ." ಡಾಕ್ಟರು ಆಮೇಲೆ ಸಿದ್ದಮಲ್ಲಪ್ಪನವರ ಕಡೆ ತಿರುಗಿದರು. "ಬೇರೆ ಯಾವುದಾದ್ರೂ ಮಾತ್ರೆ, ನಾಟಿ ಔಷಧಿ ಏನಾದ್ರೂ ತಗೋತೀರಾ?"

"ನೀವು ಬರೆದುಕೊಟ್ಟಿದ್ದು ಬಿಟ್ಟು ಇನ್ನೇನೂ ಇಲ್ಲ."

ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ವಾರ್ಡನ್ ಆಗಿ ಎಷ್ಟೋ ವರ್ಷ ಹುಡುಗರನ್ನು ಹೆದರಿಸಿದ್ದ ದನಿ ಅದು. ಅಂಥ ದನಿಯನ್ನು ಅನುಮಾನಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಡಾಕ್ಟರು ತಲೆಯಾಡಿಸಿ, ಇನ್ನೊಂದು ಸಲ ಆದರೆ ಉಳಿಸಿಕೊಳ್ಳುವುದು ಕಷ್ಟ, ಈ ಮಾತ್ರೆ ಕೆಲಸ ಮಾಡಲೇಬೇಕು ಎಂದು ಮತ್ತೆ ಶಾಂತಾದೇವಿಗೇ ಹೇಳಿದರು.

ಆಟೋದಲ್ಲಿ ವಿದ್ಯಾರಣ್ಯಪುರಂ ತಲುಪುವವರೆಗೂ ಶಾಂತಾದೇವಿಯ ಮೈ ಉರಿಯುತ್ತಿತ್ತು. ಮೊದಲ ಸಲ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದಾಗಿನಿಂದ ಅವಳ ಬೆಳಗು ಆ ಪುಟಾಣಿ ಮಾತ್ರೆಯ ಸುತ್ತಲೇ ತಿರುಗುತ್ತಿತ್ತು. ತಂಗಿಯ ಮಗನ ಮದುವೆಗೆ ನಂಜನಗೂಡಿಗೆ ಹೋಗಿದ್ದಾಗಲೂ ಮುಹೂರ್ತದ ಗದ್ದಲದ ನಡುವೆ ಗಂಡನನ್ನು ಹುಡುಕಿಕೊಂಡು ಹೋಗಿ ನುಂಗಿಸಿದ್ದಳು. ತಾನು ಜ್ವರದಲ್ಲಿ ಮಲಗಿದ್ದ ದಿನ ಗೋಡೆ ಹಿಡಿದುಕೊಂಡು ಎದ್ದು ಬಂದು ಕೊಟ್ಟಿದ್ದಳು. ಇದನ್ನೆಲ್ಲ ಯಾರಿಗೆ ಹೇಳುವುದು, ಹೇಳಿದರೂ ನಂಬುವವರು ಯಾರು?

"ನೀವಾದ್ರೂ ಒಂದು ಮಾತು ಹೇಳ್ಬಾರ್ದಿತ್ತೇನ್ರೀ?" ಎಂದಳು ಗಂಡನಿಗೆ. "ಇವಳು ಕೊಟ್ಟಿದ್ದಾಳೆ, ನಾನು ನುಂಗಿದ್ದೀನಿ ಅಂತ. ಬಾಯಿಂದ ಮುತ್ತು ಉದುರ್ತಿತ್ತಾ?"

"ಡಾಕ್ಟರ ಹತ್ರ ವಾದ ಮಾಡೋಕಾಗುತ್ತಾ ಶಾಂತಾ. ಬುಡು," ಎಂದು ಅವರು ರಸ್ತೆ ನೋಡಿದರು.

ಮಾರನೆಯ ದಿನವೇ ಹೇಮಶ್ರೀ ಒಂದು ಪ್ಲಾಸ್ಟಿಕ್ ಡಬ್ಬಿ ತಂದಳು. ಸೋಮವಾರದಿಂದ ಭಾನುವಾರದವರೆಗೆ ಒಂದೊಂದು ದಿನಕ್ಕೂ ಒಂದೊಂದು ಖಾನೆ. ವಾರದ ಮಾತ್ರೆಗಳನ್ನೆಲ್ಲ ತಾನೇ ತುಂಬಿ, ಅಮ್ಮನ ಕೈಗೆ ಕೊಟ್ಟು, ದಿನಾ ಬೆಳಿಗ್ಗೆ ಅಪ್ಪಾಜಿ ಮಾತ್ರೆ ತಗೊಳ್ಳುವಾಗ ಫೋಟೋ ತೆಗೆದು ವಾಟ್ಸಾಪಿಗೆ ಹಾಕಬೇಕೆಂದು ಅಪ್ಪಣೆ ಮಾಡಿದಳು.

"ನಾನೇನು ಕಳ್ಳೀನಾ?"

"ಕಳ್ಳಿ ಅಂತ ಯಾರಮ್ಮ ಅಂದ್ರು? ವಯಸ್ಸಾದ ಮೇಲೆ ಮರೆವು ಸಹಜ. ಮೊನ್ನೆ ನೀನೇ ಒಲೆ ಮೇಲೆ ಹಾಲಿಟ್ಟು ಮರೆತಿರ್ಲಿಲ್ವಾ?"

ಹಾಲು ಮರೆತದ್ದು ನಿಜ. ಹಾಲು ಉಕ್ಕಿದರೆ ಒಲೆ ಗಲೀಜಾಗುತ್ತದೆ, ಗಂಡ ಸಾಯುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮಗಳ ಬುದ್ಧಿಯನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಶಾಂತಾದೇವಿ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಅಂದಿನಿಂದ ದಿನಾ ಫೋಟೋ ಹೋಗತೊಡಗಿತು. ಒಮ್ಮೆ ಗಂಡನ ಅರ್ಧ ಮುಖ ಬಂದರೆ ಇನ್ನೊಮ್ಮೆ ಬರೀ ಇಡ್ಲಿ ತಟ್ಟೆ ಬರುತ್ತಿತ್ತು. ಮಗಳು ಅದಕ್ಕೊಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಶಾಂತಾದೇವಿಗೆ ಫೋನು ಎತ್ತಿ ಬಿಸಾಡಬೇಕೆನಿಸುತ್ತಿತ್ತು.

ಪಕ್ಕದ ಮನೆಯ ಪ್ರೇಮಮ್ಮನದು ಇನ್ನೊಂದು ಬಗೆ. ತರಕಾರಿ ಗಾಡಿಯ ಮುಂದೆ, ನಾಲ್ಕು ಜನ ಹೆಂಗಸರು ಬೀನ್ಸ್ ಆರಿಸುತ್ತಿರುವಾಗಲೇ, "ಮಾತ್ರೆ ಕೊಡೋದು ಮರ್ತ್ಬುಟ್ಟಿದ್ರಂತಲ್ಲ ಶಾಂತಕ್ಕ? ಹೋಗ್ಲಿ ಬುಡಿ, ದೇವ್ರು ದೊಡ್ಡೋನು," ಎಂದು ಸಮಾಧಾನ ಹೇಳಿದಳು. ಮಾಡದ ತಪ್ಪಿಗೆ ಬೈಸಿಕೊಳ್ಳುವುದಾದರೂ ಮೇಲು, ಸಮಾಧಾನ ಹೇಳಿಸಿಕೊಳ್ಳುವುದು ಮಾತ್ರ ಯಾರಿಗೂ ಬೇಡ. ಶಾಂತಾದೇವಿ ಬೀನ್ಸ್ ಅಲ್ಲೇ ಬಿಟ್ಟು ಮನೆಗೆ ಬಂದಳು. ಸಿದ್ದಮಲ್ಲಪ್ಪನವರು ಗೇಟಿನ ಹತ್ತಿರವೇ ಪೇಪರು ಓದುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಪುಟ ತಿರುಗಿಸಿದರು.

ಹಾಗೆಂದು ಅವಳಿಗೆ ಗಂಡನ ಬಗ್ಗೆ ಅಭಿಮಾನ ಇರಲಿಲ್ಲವೆಂದಲ್ಲ. ಮುಂಜಾನೆ ಸ್ನಾನ ಮಾಡಿ, ಬಿಳಿ ಪಂಚೆಯುಟ್ಟು, ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯಲ್ಲಿ ಇಟ್ಟುಕೊಂಡರೆ ಆ ಮನುಷ್ಯ ಕಲ್ಲು. ನೊಣ ಕೂತರೂ ಅಲುಗಾಡುತ್ತಿರಲಿಲ್ಲ. ಪೂಜೆ ಮುಗಿಯುವವರೆಗೆ ಒಂದು ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ, ಯಾರನ್ನೂ ಮಾತಾಡಿಸುತ್ತಿರಲಿಲ್ಲ. ವಿದ್ಯಾರ್ಥಿನಿಲಯದಲ್ಲಿ ಗೂನು ಬೆನ್ನು ಮಾಡಿ ಪೂಜೆಗೆ ಕೂತ ಹುಡುಗರ ಬೆನ್ನಿಗೆ ಬೆತ್ತದ ತುದಿ ಮುಟ್ಟಿಸಿ ನೆಟ್ಟಗೆ ಮಾಡಿಸುತ್ತಿದ್ದವರು. ಆ ಹುಡುಗರಲ್ಲಿ ಕೆಲವರು ಈಗ ತಾವೇ ಮುದುಕರಾಗುತ್ತಿದ್ದಾರೆ, ಮನೆಗೆ ಬಂದರೆ ಇವತ್ತಿಗೂ ಅವರ ಎದುರು ನೆಟ್ಟಗೆ ಕೂರುತ್ತಾರೆ. ಇಷ್ಟು ವಯಸ್ಸಾದರೂ, ಇಷ್ಟು ಕಾಯಿಲೆಯಿದ್ದರೂ ನೆಲದ ಮೇಲೆ ಹೇಗೆ ಕೂರುತ್ತಾರೆ ನೋಡಿ ಎಂದು ಬಂದವರ ಮುಂದೆಲ್ಲ ಹೇಳಿಕೊಂಡು ಮೆರೆದವಳು ಶಾಂತಾದೇವಿಯೇ.

ಹದಿನೈದು ದಿನ ಫೋಟೋ ಕಳಿಸಿ ಸಾಕಾಗಿ, ಮುಂದಿನ ಭೇಟಿಯಲ್ಲಿ ಅವಳು ಡಾಕ್ಟರ ಮೇಜಿನ ಮೇಲೆ ಕೈಯಿಟ್ಟು ನಿಂತಳು.

"ನನ್ನನ್ನ ನೀವು ನಂಬೋದಿಲ್ಲ. ಫೋಟೋನೂ ನಂಬ್ಬೇಡಿ. ಒಂದು ವಾರ ಇವರನ್ನ ದಿನಾ ಇಲ್ಲಿಗೇ ಕರ್ಕೊಂಡು ಬರ್ತೀನಿ. ನಿಮ್ಮ ಸಿಸ್ಟರ್ ಕೈಯಿಂದಾನೇ ಮಾತ್ರೆ ಕೊಡ್ಸಿ. ಆಮೇಲೆ ಮತ್ತೆ ರಕ್ತ ನೋಡಿ. ಆಗ್ಲೂ ಹಿಂಗೇ ಬಂದ್ರೆ ಏನಂತೀರಿ?"

ಡಾಕ್ಟರು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. "ಹಂಗೇ ಮಾಡೋಣ," ಎಂದರು.

"ಯಾಕೆ ಇಷ್ಟೆಲ್ಲ ರಾದ್ಧಾಂತ," ಎಂದು ಸಿದ್ದಮಲ್ಲಪ್ಪನವರು ಗೊಣಗಿದರು. ಅವರ ಗೊಣಗಾಟಕ್ಕೆ ಅಂದು ಯಾರೂ ಕಿವಿಗೊಡಲಿಲ್ಲ.

ಆ ವಾರ ದಿನಾ ಬೆಳಿಗ್ಗೆ ಪೂಜೆ ಮುಗಿದ ಕೂಡಲೇ ಇಡ್ಲಿಯನ್ನು ಡಬ್ಬಿಗೆ ಹಾಕಿಕೊಂಡು ಆಟೋ ಹತ್ತುವುದು, ಆಸ್ಪತ್ರೆಯ ಬೆಂಚಿನ ಮೇಲೆ ತಿನ್ನಿಸುವುದು, ಸಿಸ್ಟರಿಗಾಗಿ ಕಾಯುವುದು. ಸಿಸ್ಟರು ಮಾತ್ರೆ ಕೊಟ್ಟು, ನೀರು ಕುಡಿಸಿ, ಸಹಿ ಹಾಕುತ್ತಿದ್ದಳು. ಶಾಂತಾದೇವಿ ಬೇಕೆಂದೇ ದೂರ ನಿಂತಿರುತ್ತಿದ್ದಳು. ನಾನು ಮುಟ್ಟಲೂ ಇಲ್ಲ, ನೋಡಿಕೊಳ್ಳಿ ಎಂಬಂತೆ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡಿರುತ್ತಿದ್ದಳು.

ವಾರದ ಕೊನೆಗೆ ಬಂದ ರಿಪೋರ್ಟು ಮೊದಲಿನ ಹಾಗೇ ಇತ್ತು. ಮಾತ್ರೆ ಹೋಗಿದ್ದಕ್ಕೆ ಸಿಸ್ಟರಿನ ಸಹಿ ಇತ್ತು, ಕೆಲಸ ಮಾಡಿದ್ದಕ್ಕೆ ಗುರುತೇ ಇರಲಿಲ್ಲ.

"ತಪ್ಪು ನಿಮ್ಮದಲ್ಲಮ್ಮ," ಎಂದರು ಡಾಕ್ಟರು. "ಇವರ ಮೈಯೇ ಹಾಗೆ. ರಕ್ತ ಹೆಪ್ಪುಗಟ್ಟಿಸೋ ಕಣಗಳು ಸಕ್ಕರೆ ಇರೋರಲ್ಲಿ ಬೇಗ ಬೇಗ ಹೊಸದಾಗಿ ಹುಟ್ತಿರ್ತವೆ. ಬೆಳಿಗ್ಗೆ ಹೋದ ಮಾತ್ರೆ ಆಗ ಇದ್ದವನ್ನಷ್ಟೇ ಸುಮ್ಮನಾಗಿಸುತ್ತೆ, ಸಂಜೆ ಹೊತ್ತಿಗೆ ಹೊಸಬರ ದಂಡು ಬಂದಿರುತ್ತೆ. ಸಂಜೆಗೂ ಒಂದು ಆಸ್ಪಿರಿನ್ ಕೊಟ್ಟು ನೋಡೋಣ. ಹೊಟ್ಟೇಲಿ ಹುಣ್ಣಾಗಿ ರಕ್ತ ಹೋಗೋ ಭಯ ಇದೆ, ಮಲ ಕಪ್ಪಗೆ ಹೋದ್ರೆ ತಕ್ಷಣ ಬನ್ನಿ."

ಶಾಂತಾದೇವಿ ಕೇಳಿಸಿಕೊಂಡದ್ದು ಮೊದಲನೇ ವಾಕ್ಯವನ್ನು ಮಾತ್ರ. ಹೊರಗೆ ಬಂದಾಗ ಹೇಮಶ್ರೀ ಅಮ್ಮನ ಭುಜ ಹಿಡಿದು, "ಸಾರಿ ಕಣಮ್ಮ," ಎಂದಳು. ಆಸ್ಪತ್ರೆಯ ಎದುರಿನ ಗಾಡಿಯಲ್ಲಿ ಎರಡು ಮೊಳ ಮಲ್ಲಿಗೆ ಕೊಂಡು ತಾನೇ ಮುಡಿಸಿದಳು. ಶಾಂತಾದೇವಿಗೆ ಅಳು ಬಂತು. ಗಂಡನ ಮೈಗೆ ಔಷಧಿ ಹತ್ತುವುದಿಲ್ಲ ಎಂಬ ಸುದ್ದಿ ಕೇಳಿ ಇಷ್ಟು ಹಗುರಾಗುವ ಹೆಂಡತಿ ಲೋಕದಲ್ಲಿ ತಾನೊಬ್ಬಳೇ ಇರಬೇಕು ಎನಿಸಿ ನಾಚಿಕೆಯೂ ಆಯಿತು. ಮನೆ ಹತ್ತಿರ ಇಳಿದವಳು ನೇರ ಒಳಗೆ ಹೋಗದೆ ಪ್ರೇಮಮ್ಮನ ಬಾಗಿಲು ತಟ್ಟಿ, ವಿಷಯ ಪೂರ್ತಿ ಹೇಳಿಯೇ ಬಂದಳು.

ಮರುದಿನ ಅವಳು ಎಂದಿಗಿಂತ ಬೇಗ ಎದ್ದಳು. ಗಂಡನಿಗಿಂತ ಮೊದಲೇ ಸ್ನಾನ ಮುಗಿಸಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದಾಗ ಹುಚ್ಚಣ್ಣ ಬಂದ. ದೇವರಾಜ ಮೊಹಲ್ಲಾದ ಕಡೆಯಿಂದ ಮೊಪೆಡ್ಡಿನಲ್ಲಿ ಮನೆಮನೆಗೆ ಹೂವು, ಬಿಲ್ವಪತ್ರೆ ಹಾಕುವವನು. ದಿನಾ ಪತ್ರೆಯ ಪೊಟ್ಟಣವನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದ. ಪೂಜೆಯ ಪತ್ರೆಯನ್ನು ಬೇರೆಯವರು ಮುಟ್ಟಬಾರದೆಂದು ಸಿದ್ದಮಲ್ಲಪ್ಪನವರೇ ಸ್ನಾನ ಮಾಡಿ ಬಂದು ತೆಗೆದುಕೊಳ್ಳುವುದು ವಾಡಿಕೆ. ಇವತ್ತು ತಾನೂ ಸ್ನಾನ ಮಾಡಿದ್ದೇನಲ್ಲ ಎಂದು ಶಾಂತಾದೇವಿ ಕೈ ಚಾಚಿದಳು. ಹುಚ್ಚಣ್ಣ ಕೊಡಲೋ ಬೇಡವೋ ಎಂದು ಅನುಮಾನಿಸಿದ.

"ಯಾಕಯ್ಯ, ನನ್ನ ಕೈಗೆ ಕೊಟ್ರೆ ಪತ್ರೆ ಬಾಡ್ತದಾ?"

"ಅಂಗಲ್ಲ ಕಣಮ್ಮ. ಯಜಮಾನ್ರ ಮಾತ್ರೆನೂ ಅದ್ರಲ್ಲೇ ಅದೆ. ಬೀಳುಸ್ಬುಟ್ಟೀರಿ."

"ಯಾವ ಮಾತ್ರೆ?"

"ಅದೇ ಮೊಣಕಾಲಿಂದು. ಮೊದ್ಲೆಲ್ಲ ಅವ್ರೇ ವಾಕಿಂಗ್ ಓದಾಗ ತಕೋತಿದ್ರು. ಈಗ ಆಚೆ ಓಗೋ ಅಂಗಿಲ್ವಲ್ಲ, ನನ್ ಕೈಲಿ ತರುಸ್ತಾವ್ರೆ. ಪತ್ರೆ ಒಳಗೇ ಮಡಗು ಅಂದಿದ್ರು."

ಪೊಟ್ಟಣ ಬಿಚ್ಚಿದಾಗ ಬಿಲ್ವದೆಲೆಗಳ ಅಡಿಯಲ್ಲಿ ಒಂದು ಮಾತ್ರೆಯ ಹಾಳೆ ಇತ್ತು. ಶಾಂತಾದೇವಿ ರಂಗೋಲಿಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋಗಿ, ಬಚ್ಚಲುಮನೆಯ ಬಾಗಿಲ ಮುಂದೆಯೇ ನಿಂತಳು. ಸಿದ್ದಮಲ್ಲಪ್ಪನವರು ಪಂಚೆಯುಟ್ಟು ಹೊರಗೆ ಬಂದವರು ಅವಳ ಕೈಯಲ್ಲಿದ್ದುದನ್ನು ನೋಡಿ ನಿಂತುಬಿಟ್ಟರು.

"ಬೇರೆ ಮಾತ್ರೆ ಏನೂ ಇಲ್ಲ ಅಂತ ಡಾಕ್ಟ್ರಿಗೆ ಹೇಳಿದ್ರಲ್ಲ?"

"ಅದು ಮಾತ್ರೆ ಅಲ್ಲ ಕಣೇ. ಮೊಣಕಾಲಿಗೆ."

"ಮೊಣಕಾಲು ನಿಮ್ಮ ಮೈಯಲ್ಲಿಲ್ವಾ? ಪಕ್ಕದ ಮನೆಯವರದಾ? ಯಾವಾಗಿಂದ?"

ಅವರು ಲೆಕ್ಕ ಹೇಳಲಿಲ್ಲ. ಮಣೆಯ ಮೇಲೆ ಕಾಲು ಮಡಿಸಲು ಆಗದೇ ಹೋದಾಗಿನಿಂದ ಎಂದರು. ಎದ್ದ ಕೂಡಲೇ ಒಂದು ನುಂಗಿದರೆ ಸ್ನಾನ ಮುಗಿಯುವ ಹೊತ್ತಿಗೆ ಕೀಲು ಸಡಿಲವಾಗುತ್ತದೆ ಎಂದರು. ಆಮೇಲೆ ಇನ್ನೂ ದೊಡ್ಡ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿ ಬಂದವರಂತೆ, "ನೀರು ಮುಟ್ಟಿಲ್ಲ ಶಾಂತಾ. ಹಾಗೇ ಒಣಗಂಟಲಲ್ಲೇ ನುಂಗ್ತೀನಿ. ಪೂಜೆಗೆ ಮುಂಚೆ ನೀರು ಮುಟ್ಟಿಲ್ಲ," ಎಂದರು.

ಶಾಂತಾದೇವಿಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. "ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಲ್ಲಿಸಿ ಅಂತಾರೆ, ಕುರ್ಚಿ ಮೇಲೆ ಕೂತು ಪೂಜೆ ಮಾಡಿ ಅಂತಾರೆ. ನನ್ನ ವಾರಿಗೆಯ ನಂಜುಂಡಯ್ಯ ಈಗ ಡೈನಿಂಗ್ ಟೇಬಲ್ ಮುಂದೆ ಕೂತು ಪೂಜೆ ಮಾಡ್ತಾನೆ. ನೋಡಿದ್ದೀಯಾ? ತಿಂಡಿ ಯಾವಾಗ ಬರುತ್ತೆ ಅಂತ ಕಾಯ್ತಿರೋನ ಥರ ಕಾಣ್ತಾನೆ. ಅಷ್ಟು ಹುಡುಗರ ಬೆನ್ನು ನೆಟ್ಟಗೆ ಮಾಡ್ಸಿ ನಾನು ಹಂಗೆ ಕೂತ್ಕೊಳ್ಲಾ?"

"ಹೇಮ ನನ್ನನ್ನ ಕಟಕಟೇಲಿ ನಿಲ್ಲಿಸಿದ್ಳು. ಪ್ರೇಮಮ್ಮ ಬೀದೀಲಿ ಮರ್ಯಾದೆ ತೆಗೆದ್ಳು. ನೀವು ಅಲ್ಲೇ ಇದ್ರಿ."

"ನೀನು ಕೊಡ್ತಿದ್ದೀಯ ಅಂತ ನನಗೆ ಗೊತ್ತಿತ್ತಲ್ಲ," ಎಂದರು ಸಿದ್ದಮಲ್ಲಪ್ಪನವರು. ಅದು ಸಾಲದೇ ಎಂಬಂತೆ ಅವಳ ಮುಖ ನೋಡಿದರು.

ಮದುವೆಯಾದಾಗಿನಿಂದ ಈ ಮನುಷ್ಯನ ಮೇಲೆ ಅವಳಿಗೆ ಸಿಟ್ಟು ಬಂದದ್ದು ಹೊಸದಲ್ಲ. ಆದರೆ ಇದು ಸಿಟ್ಟಿನ ಹಾಗಿರಲಿಲ್ಲ. ಅವಳು ಮಾತ್ರೆಯ ಹಾಳೆಯನ್ನು ಪರ್ಸಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

"ಹೇಳ್ಬೇಡ ಶಾಂತಾ. ನಾನೇ ಮೆಲ್ಲಗೆ ಬಿಟ್ಬುಡ್ತೀನಿ."

ಅವರು ಬೇಡಿಕೊಂಡದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಕರಗುತ್ತಿದ್ದಳೇನೋ. ಇವತ್ತು ಸಂಜೆಯಿಂದ ಎರಡನೇ ಆಸ್ಪಿರಿನ್ ಶುರುವಾಗಬೇಕಿತ್ತು. ಅದರ ಜೊತೆ ಇದೂ ಸೇರಿ ಹೊಟ್ಟೆಯೊಳಗೆ ಏನೇನಾಗುತ್ತದೋ ಯಾರಿಗೆ ಗೊತ್ತು? ಅವಳು ತಿರುಗಿ ನೋಡದೆ ಆಟೋ ಹಿಡಿದಳು.

ಡಾಕ್ಟರು ಹಾಳೆಯನ್ನು ತಿರುಗಿಸಿ ಹೆಸರು ಓದಿದವರೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಐಬುಪ್ರೊಫೆನ್. ಇದನ್ನ ಆಸ್ಪಿರಿನ್‌ಗಿಂತ ಮೊದಲು ತಗೋತಿದ್ರಾ?"

"ಎದ್ದ ತಕ್ಷಣ. ಆಸ್ಪಿರಿನ್ ಪೂಜೆ ಆದ ಮೇಲೆ."

"ದಿನಾ?"

"ದಿನಾ ಅಂತಾನೇ ಕಾಣುತ್ತೆ."

"ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡೀತಾರಲ್ಲ, ಹಂಗೆ ಇದು. ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ಇದು ಮೊದಲೇ ಹೋಗಿ ಟವೆಲ್ ಹಾಕಿರುತ್ತೆ. ಆಸ್ಪಿರಿನ್ ಬರುತ್ತೆ, ಜಾಗ ಇಲ್ಲ ಅಂತ ಸ್ವಲ್ಪ ಹೊತ್ತು ನಿಂತು ಇಳಿದು ಹೋಗುತ್ತೆ. ಸಕ್ಕರೆ ಇರೋರಿಗೆ ಮೊದಲೇ ಅದು ಅರ್ಧಂಬರ್ಧ ಹತ್ತೋದು, ಅದರ ಮೇಲೆ ಇದು ಬೇರೆ. ನೀವು ಇಷ್ಟು ದಿನ ಕೊಟ್ಟಿದ್ದೆಲ್ಲ ನೀರಿಗೆ ಹಾಕಿದ ಹಾಗಾಯ್ತು. ಸಾಲದ್ದಕ್ಕೆ ಈ ನೋವಿನ ಮಾತ್ರೆ ಹೃದಯಕ್ಕೂ ಕಿಡ್ನಿಗೂ ಒಳ್ಳೇದಲ್ಲ." ಡಾಕ್ಟರು ಚೀಟಿಯಲ್ಲಿ ಸಂಜೆಯ ಮಾತ್ರೆಗೆ ಅಡ್ಡಗೆರೆ ಎಳೆದರು. "ಇದು ಇವತ್ತಿಂದಲೇ ನಿಲ್ಲಬೇಕು. ಮೊಣಕಾಲಿಗೆ ಮುಲಾಮು, ವ್ಯಾಯಾಮ ಮಾಡಿಸೋಣ. ಪೂಜೆ ಕುರ್ಚಿ ಮೇಲಾಗ್ಲಿ. ಸ್ವಲ್ಪ ದಿನ ಬಿಟ್ಟು ಮತ್ತೆ ರಕ್ತ ನೋಡೋಣ."

ಶಾಂತಾದೇವಿ ಎದ್ದು ನಿಂತಳು. ಡಾಕ್ಟರು ಕನ್ನಡಕ ಹಾಕಿಕೊಳ್ಳುತ್ತಾ, ಬೈಯುವ ದನಿಯಲ್ಲೇನಲ್ಲ, ಸುಮ್ಮನೆ ಕುತೂಹಲಕ್ಕೆಂಬಂತೆ ಕೇಳಿದರು.

"ಅಲ್ಲಮ್ಮ, ಒಂದೇ ಮನೇಲಿದ್ದೂ ನಿಮಗೆ ಗೊತ್ತಾಗ್ಲಿಲ್ವಾ?"

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದಾಗ ಹೇಮಶ್ರೀ, "ಅಯ್ಯೋ, ಅಷ್ಟೂ ಗಮನಿಸಲಿಲ್ವೇನಮ್ಮ ನೀನು," ಎಂದಳು. ಶಾಂತಾದೇವಿ ಫೋನು ಕಟ್ ಮಾಡಿದಳು. ಕೊಡದಿದ್ದರೆ ಕೊಡಲಿಲ್ಲವೆಂದು, ಕೊಟ್ಟರೆ ನೋಡಲಿಲ್ಲವೆಂದು. ಇವರೆಲ್ಲರ ಕೋರ್ಟಿನಲ್ಲಿ ಅವಳಿಗೆ ಬಿಡುಗಡೆಯಾಗಿದ್ದು ಒಂದೇ ಒಂದು ದಿನ. ಮುಡಿಯಲ್ಲಿ ನಿನ್ನೆಯ ಮಲ್ಲಿಗೆ ಇನ್ನೂ ಇತ್ತು, ಕಿತ್ತು ಮೆಟ್ಟಿಲ ಪಕ್ಕದ ಕಸದ ಬುಟ್ಟಿಗೆ ಹಾಕಿದಳು.

ಮನೆಗೆ ಬಂದು ಡಾಕ್ಟರು ಹೇಳಿದ್ದನ್ನು ಗಂಡನಿಗೆ ಒಂದೂ ಬಿಡದೆ ಹೇಳಿದಳು. ಟವೆಲಿನ ಮಾತನ್ನೂ ಹೇಳಿದಳು. ಸಿದ್ದಮಲ್ಲಪ್ಪನವರು ತಲೆ ಬಗ್ಗಿಸಿ ಕೇಳಿ, ಇನ್ನು ಮುಟ್ಟುವುದಿಲ್ಲ ಎಂದರು. ಬೇಕಾದರೆ ಲಿಂಗ ಮುಟ್ಟಿ ಹೇಳುತ್ತೇನೆ ಎಂದರು. ಬೇಡ, ಅಷ್ಟೆಲ್ಲ ಬೇಡ ಎಂದಳು ಶಾಂತಾದೇವಿ.

ಬೆಳಿಗ್ಗೆ ಅವಳು ಊಟದ ಮನೆಯ ಕುರ್ಚಿಯೊಂದನ್ನು ತೊಳೆದು, ಒರೆಸಿ, ಮೇಲೆ ಮಡಿವಸ್ತ್ರ ಹಾಸಿ ದೇವರ ಮನೆಯಲ್ಲಿಟ್ಟಳು. ಸಿದ್ದಮಲ್ಲಪ್ಪನವರು ಸ್ನಾನ ಮಾಡಿ ಬಂದು ಕುರ್ಚಿಯನ್ನು ನೋಡಿದರು. ಅದನ್ನು ಎರಡೂ ಕೈಯಲ್ಲಿ ಎತ್ತಿ ಗೋಡೆಯ ಬದಿಗೆ ಸರಿಸಿ, ಮಣೆ ಹಾಕಿಕೊಂಡರು. ಗೋಡೆ ಹಿಡಿದು, ಕಿಟಕಿಯ ಸರಳು ಹಿಡಿದು, ಕೊನೆಗೆ ಕೈಯನ್ನು ನೆಲಕ್ಕೂರಿ ಕೂತರು. ಒಂದೊಂದು ಕಾಲನ್ನೂ ಕೈಯಿಂದ ಎಳೆದು ಮಡಿಸಿಕೊಂಡರು. ಹಲ್ಲು ಕಚ್ಚಿದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತ ಅವಳಿಗೆ ಕಾಣಿಸಿತು. ಆಮೇಲೆ ಬೆನ್ನು ನೆಟ್ಟಗಾಯಿತು, ಎಡಗೈ ಎದೆಯ ಮಟ್ಟಕ್ಕೆ ಬಂತು, ದೃಷ್ಟಿ ಅಂಗೈಯ ಮೇಲೆ ನಿಂತಿತು.

ಹಟಮಾರಿ ಮನುಷ್ಯ ಎಂದುಕೊಂಡು ಅವಳು ಇಡ್ಲಿ ಪಾತ್ರೆ ಇಳಿಸಿದಳು. ಮತ್ತೆ ಬಂದು ಇಣುಕಿದಾಗ ಅವರ ಹಣೆಯಲ್ಲಿ ಬೆವರು ಮೂಡಿತ್ತು. ಕಣ್ಣೆದುರೇ ವಿಭೂತಿಯ ಗೆರೆಗಳು ಒದ್ದೆಯಾಗಿ ಕರಗುತ್ತಿದ್ದವು. ಬೆವರು ಕೆನ್ನೆಗಿಳಿದು ಬಿಳಿಯ ಹನಿಯಾಗಿ ಎದೆಯ ಮೇಲೆ ಬಿತ್ತು. ಶಾಂತಾದೇವಿ ದೇವರ ಮನೆಯ ಹೊಸಿಲು ದಾಟಿದಳು. ಎರಡನೇ ಸಲ ಹೃದಯಾಘಾತವಾದಾಗಲೂ ಎದೆನೋವೇನೂ ಇರಲಿಲ್ಲ, ಹೀಗೇ ಬೆವತಿದ್ದರು. ಸಕ್ಕರೆ ಇರುವವರಿಗೆ ನೋವು ಗೊತ್ತಾಗದೆಯೂ ಆಗಿಬಿಡುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದ್ದರು.

ಪೂಜೆಯ ನಡುವೆ ಅವರನ್ನು ಮಾತಾಡಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಹೇಮಶ್ರೀ ಚಿಕ್ಕವಳಿದ್ದಾಗ ಬಿದ್ದು ಹಣೆ ಒಡೆದುಕೊಂಡ ದಿನವೂ ಮಾತಾಡಿಸಿರಲಿಲ್ಲ.

"ಏನ್ರೀ. ಎದೆನಾ, ಕಾಲಾ?"

ಅವರ ಕಣ್ಣು ಅಂಗೈಯಿಂದ ಕದಲಲಿಲ್ಲ. ತುಟಿಗಳು ಮಂತ್ರ ಹೇಳುತ್ತಿದ್ದವು, ನಿಂತವು.

"ಕಾಲು," ಎಂದರು.

ತುಟಿಗಳು ಮತ್ತೆ ಆಡತೊಡಗಿದವು. ಶಾಂತಾದೇವಿ ಅಲ್ಲೇ ನಿಂತಳು. ಬೇರೇನೂ ಇಲ್ಲ ಎಂದು ಡಾಕ್ಟರಿಗೆ ಹೇಳಿದ್ದೂ ಇದೇ ಬಾಯಿ, ಇದೇ ದನಿ. ಅಡಿಗೆಮನೆಗೆ ಹೋಗಿ ಚಟ್ನಿ ರುಬ್ಬಬೇಕಿತ್ತು, ಹೋಗಲಿಲ್ಲ. ಅವಳು ನಿಧಾನಕ್ಕೆ ನೆಲಕ್ಕೆ ಕೂತು, ತೆವಳಿಕೊಂಡು ಅವರ ಎದುರಿಗೆ ಬಂದಳು. ಅಂಗೈಯಲ್ಲಿದ್ದ ಲಿಂಗಕ್ಕೆ ತಾಗದ ಹಾಗೆ ಕೈ ತೂರಿಸಿ, ಒದ್ದೆಯಾದ ಎದೆಯ ಮೇಲೆ ತನ್ನ ಅಂಗೈ ಇಟ್ಟಳು. ಅವರು ಬೇಡ ಎನ್ನಲಿಲ್ಲ, ಪೂಜೆಯನ್ನೂ ನಿಲ್ಲಿಸಲಿಲ್ಲ. ಅವಳು ಕಣ್ಣು ಮುಚ್ಚಿ, ಉಸಿರು ಹಿಡಿದು, ಆ ಬಡಿತವನ್ನು ಕೇಳುತ್ತಾ ಕೂತಳು.